ಕರಾವಳಿಯಲ್ಲಿ ಹಳೆಯ ಪಾಯಿಂಟ್ ಆಂಡ್ ಶೂಟ್ ಕ್ಯಾಮೆರಾ ಕೊಳ್ಳುವ ಮೊದಲು

ಕಾಸರಗೋಡು, ಕುಂಬಳೆ ಕಡೆ ಯಾರಾದರೂ ಹಳೆಯ ಚಿಕ್ಕ ಡಿಜಿಟಲ್ ಕ್ಯಾಮೆರಾ ತಂದು ಬೆಲೆ ಕೇಳಿದರೆ ನಾನು ಮೆಗಾಪಿಕ್ಸೆಲ್ ನೋಡುವುದು ಕೊನೆಗೆ. 4×6 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಲೆಕ್ಕದಲ್ಲಿ 1800×1200 ಪಿಕ್ಸೆಲ್ ಸಾಕು, ಅಂದರೆ 2 ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು. 200 ಡಿಪಿಐ ಆದರೆ ಎ4 ಹಾಳೆಗೂ 4 ಮೆಗಾಪಿಕ್ಸೆಲ್ ಸಾಲುತ್ತದೆ. ಈ ವರ್ಗದ ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಸುಮಾರು 6.2×4.6 ಮಿಲಿಮೀಟರ್ ಅಷ್ಟೆ. ಅದರೊಳಗೆ 14 ಮೆಗಾಪಿಕ್ಸೆಲ್ ತುರುಕಿದ್ದಕ್ಕೆ ನಾನು ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ.

ಮೊದಲು ಬ್ಯಾಟರಿ ಮುಚ್ಚಳ ತೆರೆಯಬೇಕು. ಎಎ ಸೆಲ್ ಮತ್ತು ಎಸ್‌ಡಿ ಕಾರ್ಡ್ ಹಾಕುವಂಥದ್ದಾದರೆ ಅರ್ಧ ಬೆಲೆ ಅಲ್ಲೇ ಬಂತು. 2007ರ ಕ್ಯಾನನ್ ಪವರ್‌ಶಾಟ್ ಎ570 ಐಎಸ್ ಇದಕ್ಕೆ ಒಳ್ಳೆಯ ಮಾದರಿ: ಎರಡು ಎಎ ಸೆಲ್, 4 ಪಟ್ಟು ಆಪ್ಟಿಕಲ್ ಜೂಮ್, ಕೈನಡುಕ ತಡೆಯುವ ವ್ಯವಸ್ಥೆ, ಮ್ಯಾನ್ಯುಯಲ್ ಮೋಡ್. ಎಕ್ಸ್‌ಡಿ ಎಂಬ ಬೇರೆ ಬಗೆಯ ಕಾರ್ಡಿನ ಹಳೆಯ ಒಲಿಂಪಸ್, ಫ್ಯೂಜಿಗಳಲ್ಲಿ ಕಾರ್ಡೇ ತಲೆನೋವು. ಅದು 2 ಜಿಬಿಗಿಂತ ದೊಡ್ಡದು ಬರಲೇ ಇಲ್ಲ, ಈಗ ಹುಡುಕಿ ತರಬೇಕು. ಲಿಥಿಯಂ ಬ್ಯಾಟರಿಯದ್ದಾದರೆ ಚಾರ್ಜರ್ ಜತೆಗಿದೆಯೇ, ಬ್ಯಾಟರಿ ಊದಿಕೊಂಡಿದೆಯೇ ನೋಡಿ.

ಚಾರ್ಜ್ ಮಾಡಿದ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಒಂದು 2 ಜಿಬಿ ಎಸ್‌ಡಿ ಕಾರ್ಡ್ ಜೇಬಿನಲ್ಲೇ ಇರಲಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಲೆನ್ಸ್ ಮೋಟಾರ್ ತಿರುಗಿದೊಡನೆ ವೋಲ್ಟೇಜ್ ಬೀಳಿಸುತ್ತದೆ, ಗಟ್ಟಿ ಕ್ಯಾಮೆರಾವೂ ಸತ್ತಂತೆ ಕಾಣುತ್ತದೆ. 2 ಜಿಬಿ ಯಾಕೆಂದರೆ 2006ಕ್ಕಿಂತ ಹಿಂದಿನ ಕ್ಯಾಮೆರಾಗಳು ಎಸ್‌ಡಿಎಚ್‌ಸಿ ಕಾರ್ಡನ್ನು, ಅಂದರೆ 2 ಜಿಬಿಗಿಂತ ದೊಡ್ಡ ಎಸ್‌ಡಿಯನ್ನು, ಓದುವುದಿಲ್ಲ.

ಇನ್ನು ಲೆನ್ಸ್. ನಮ್ಮ ಊರಿನಲ್ಲಿ ಕ್ಯಾಮೆರಾ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಬೇಕಲದ ಹೊಯಿಗೆಯ ಒಂದು ಕಣ ಹೊರಬರುವ ಕೊಳವೆಗಳ ಸಂದಿಗೆ ಹೊಕ್ಕರೆ ಸಾಕು, ಪ್ಲಾಸ್ಟಿಕ್ ಹಲ್ಲುಗಳು ಸಿಕ್ಕಿಕೊಂಡು 'ಲೆನ್ಸ್ ಎರರ್' ಬರುತ್ತದೆ. ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಹತ್ತು ಸಲ ಆನ್-ಆಫ್ ಮಾಡಿ, ಪ್ರತಿ ಸಲ ಜೂಮ್ ಕೊನೆಯವರೆಗೆ ಒಯ್ದು ತನ್ನಿ. ಕರಕರ ಸದ್ದು ಬಂದರೆ, ಒಂದೇ ಒಂದು ಸಲ ತಡೆದು ನಿಂತರೂ, ಅದು ಬಿಡಿಭಾಗದ ಬೆಲೆಯ ಮಾಲು. ಜೂಮ್ ಪೂರ್ತಿ ಹೊರಗಿರುವಾಗ ಓರೆಯಾಗಿ ಟಾರ್ಚ್ ಬಿಡಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಬೂಸ್ಟು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗದಲ್ಲಿ, ಕಪಾಟಿನೊಳಗೆ ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾಕ್ಕೆ ಇದು ತಪ್ಪಿದ್ದಲ್ಲ. ಲೆನ್ಸ್ ಬಿಚ್ಚಿ ಒರೆಸುವ ಕೂಲಿ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ.

ಹಳೆಯ ಫೋಟೊ ಚೆನ್ನಾಗಿ ಕಾಣುತ್ತದೆ, ಹೊಸದು ತೆಗೆಯಲು ಹೋದರೆ ಪರದೆ ಕಪ್ಪು ಅಥವಾ ನೇರಳೆ ಗೆರೆ ಎಂದಾದರೆ ಸೆನ್ಸರ್ ಹೋಗಿದೆ. ಆ ಕಾಲದ ಕೆಲವು ಸೋನಿ ಸಿಸಿಡಿ ಸೆನ್ಸರ್‌ಗಳು ಸೆಕೆ-ತೇವಕ್ಕೆ ಹೀಗಾಗುತ್ತವೆಂದು 2005ರಲ್ಲಿ ಹಲವು ಕಂಪೆನಿಗಳೇ ಪ್ರಕಟಿಸಿದ್ದವು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಚಿತ್ರ ಪರೀಕ್ಷೆಗೆ ದಿನಪತ್ರಿಕೆಯ ಪುಟವೊಂದನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಮೇಜಿನ ಮೇಲೆ ನೇರಕ್ಕೆ ಇಟ್ಟು, ಐಎಸ್ಒ (ಬೆಳಕಿನ ಸಂವೇದನೆ) 100, 2 ಸೆಕೆಂಡಿನ ಟೈಮರ್‌ನಲ್ಲಿ ತೆಗೆಯಿರಿ. ನಾಲ್ಕೂ ಮೂಲೆ ಸಮವಾಗಿ ಮಸುಕಾದರೆ ಅದು ಅಗ್ಗದ ಲೆನ್ಸಿನ ಗುಣ. ಒಂದೇ ಮೂಲೆ ಮಸುಕಾದರೆ ಕ್ಯಾಮೆರಾ ಎಲ್ಲೋ ಬಿದ್ದು ಲೆನ್ಸ್ ಓರೆಯಾಗಿದೆ. ಅಡಿಕೆ ಸೋಗೆಯ ಸಂದಿನಲ್ಲಿ ಆಕಾಶ ಬಂದಾಗ ಅಂಚಿಗೆ ಕಾಣುವ ನೇರಳೆ ಬಣ್ಣಕ್ಕೆ ಬೆಲೆ ಇಳಿಸುವುದು ನ್ಯಾಯವಲ್ಲ, ಈ ವರ್ಗದಲ್ಲಿ ಅದು ಸಾಮಾನ್ಯ. ಫ್ಲಾಶ್ ಹೊಡೆದ ಮೇಲೆ ತುಂಬಿದ ಸೆಲ್ಲಿನಲ್ಲೂ ಹತ್ತು-ಹದಿನೈದು ಸೆಕೆಂಡ್ ಕಾಯಿಸಿದರೆ ಅನುಮಾನ ಪಡಿ, ಆದರೆ ಬಿಚ್ಚಲು ಹೋಗಬೇಡಿ. ಫ್ಲಾಶಿಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಇರುತ್ತದೆ.

ರಾತ್ರಿ ಯಕ್ಷಗಾನದ ಫೋಟೊಗೆಂದು ಇದನ್ನು ಕೊಳ್ಳುವವರಿಗೆ ಬೇಡವೆಂದೇ ಹೇಳುತ್ತೇನೆ. ಎ570ರಲ್ಲೂ ಜೂಮ್ ಕೊನೆಯಲ್ಲಿ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್5.5ಕ್ಕೆ ಕಿರಿದಾಗುತ್ತದೆ, ಫ್ಲಾಶ್ ಬೆಳಕು ಮೂರು ಮೀಟರ್ ದಾಟಿದರೆ ಸೊರಗುತ್ತದೆ. ಆ ಕೆಲಸಕ್ಕೆ ಕೈಯಲ್ಲಿರುವ ಫೋನೇ ವಾಸಿ. ಹಗಲಿನ ಜೂಮ್‌ಗೆ, ಮದುವೆ ಮನೆಯ ಹತ್ತಿರದ ಫ್ಲಾಶ್ ಫೋಟೊಗೆ, ಮಕ್ಕಳ ಕೈಗೆ ಕೊಡಲು ಇದು ಯೋಗ್ಯ.

ಕೇಳಿದ ಬೆಲೆಗೆ ಸೆಲ್, ಚಾರ್ಜರ್, ಕಾರ್ಡಿನ ಖರ್ಚು ಕೂಡಿಸಿ, ಒಟ್ಟು ಮೊತ್ತದ ಮೇಲೆ ಚೌಕಾಶಿ ಮಾಡಿ. ಮನೆಗೆ ತಂದ ಮೇಲೆ ಚರ್ಮದ ಚೀಲ ಬದಿಗಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಸೆಲ್ ತೆಗೆದು ಇಡಿ.