ಹಾಳು ಕೋಟೆಯಲ್ಲಿ ಎರಡು ಪಾಳೆಯ: ಪಿವಿಪಿ ವಲಯದೊಳಗೆ ಕಥೆಯ ಕ್ವೆಸ್ಟ್ ಕೂರಿಸಿದ್ದು ಹೀಗೆ

ಬಿಡುಗಡೆಗೆ ಸಿದ್ಧವಾಗುತ್ತಿರುವ ನಮ್ಮ ಆನ್‌ಲೈನ್ ಫ್ಯಾಂಟಸಿ ಆಟದಲ್ಲಿ ಕಥೆಯ ಕ್ವೆಸ್ಟ್‌ಗಳೂ (ಆಟಗಾರರಿಗೆ ಒಪ್ಪಿಸುವ ಕೆಲಸಗಳು) ಆಟಗಾರರ ನಡುವಿನ ಕಾಳಗವೂ (ಪಿವಿಪಿ) ಒಂದೇ ನಕ್ಷೆಯಲ್ಲಿವೆ. ಎರಡನ್ನೂ ಬೇರೆ ಮಾಡುವುದು ಸುಲಭ. ಅಲ್ಟಿಮಾ ಆನ್‌ಲೈನ್ ಆಟ 2000ದಲ್ಲಿ ಲೋಕವನ್ನೇ ಎರಡಾಗಿಸಿತು: ಕಾಳಗ ಇರುವುದೊಂದು, ಇಲ್ಲದ್ದೊಂದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2018ರಲ್ಲಿ ವಾರ್ ಮೋಡ್ ತಂದು, ಕಾಳಗ ಬೇಕೇ ಬೇಡವೇ ಎಂಬ ಆಯ್ಕೆಯನ್ನು ಆಟಗಾರರಿಗೇ ಬಿಟ್ಟಿತು. ಒಟ್ಟಿಗೇ ಇಡಬೇಕೆಂದರೆ ಒಂದು ಪರೀಕ್ಷೆ ಇದೆ: ಎದುರಾಳಿ ಇದ್ದರೂ ಇಲ್ಲದಿದ್ದರೂ ಕ್ವೆಸ್ಟ್ ಒಂದೇ ಥರ ಸಾಗುತ್ತದೆಯೇ? ಹೌದಾದರೆ ಎದುರಾಳಿ ಬರೀ ಕಿರಿಕಿರಿ. ಅದಕ್ಕೇ ಕಥೆಗಿಂತ ಮೊದಲು, ಎರಡೂ ಪಾಳೆಯಕ್ಕೆ ಬೇಕಾದ ಒಂದು ವಸ್ತುವನ್ನು ಗೊತ್ತುಮಾಡಿಕೊಂಡೆವು.

ಅದು ಹಾಳು ಕೋಟೆಯಲ್ಲಿ ಹುದುಗಿರುವ ತಾಮ್ರಶಾಸನ, ಐದು ತುಂಡು. ಒಬ್ಬರಿಗೆ ಅದು ಪಟ್ಟದ ಹಕ್ಕಿನ ಸಾಕ್ಷಿ, ಇನ್ನೊಬ್ಬರಿಗೆ ಕರಗಿಸಲೇಬೇಕಾದ ಪುರಾವೆ. ತುಂಡುಗಳು ಕೋಟೆಯ ಹಲವೆಡೆ ಮತ್ತೆ ಮತ್ತೆ ಹುಟ್ಟುತ್ತವೆ. ಎದುರಾಳಿಯಿಂದ ಕಿತ್ತುಕೊಂಡ ತುಂಡೂ ಲೆಕ್ಕಕ್ಕೆ ಬರುತ್ತದೆ. ಸತ್ತಾಗ ಎಲ್ಲವೂ ಬೀಳುವಂತಿದ್ದರೆ ಹುಡುಕುವ ಕಷ್ಟ ಯಾರಿಗೂ ಬೇಡವಾಗಿ, ಎಲ್ಲರೂ ಹೆಬ್ಬಾಗಿಲಲ್ಲಿ ಹೊಂಚು ಹಾಕುತ್ತಾರೆ. ಏನೂ ಬೀಳದಿದ್ದರೆ ಕಾಳಗಕ್ಕೆ ಅರ್ಥವಿಲ್ಲ. ಈಗ ಒಂದು ಸಾವಿಗೆ ಒಂದೇ ತುಂಡು ಬೀಳುತ್ತದೆ. ಪಾಳೆಯಕ್ಕೆ ಒಪ್ಪಿಸಿದ್ದು ಮತ್ತೆ ಕಳೆಯುವುದಿಲ್ಲ.

ಸಂಭಾಷಣೆಯೇ ದೊಡ್ಡ ತಲೆನೋವು. ಎನ್‌ಪಿಸಿ (ಕಂಪ್ಯೂಟರ್ ನಡೆಸುವ ಪಾತ್ರ) ಜೊತೆ ಮಾತಾಡುವಾಗ ಏಟು ತಾಗದಂತೆ ರಕ್ಷಣೆ ಕೊಟ್ಟರೆ, ಸಾಯುವ ಹೊತ್ತಿಗೆ ಓಡಿಹೋಗಿ ಮಾತಿನ ಕಿಟಕಿ ತೆರೆಯುವುದೇ ಒಂದು ತಂತ್ರವಾಗುತ್ತದೆ. ರಕ್ಷಣೆ ಕೊಡದಿದ್ದರೆ ಓದುತ್ತಾ ನಿಂತವನು ಕುರಿಯಂತೆ ಸಾಯುತ್ತಾನೆ. ಅದಕ್ಕೇ ಕೋಟೆಯೊಳಗೆ ಯಾವ ಪಾತ್ರಕ್ಕೂ ಎರಡು ಸಾಲಿಗಿಂತ ಹೆಚ್ಚು ಮಾತಿಲ್ಲ, ಅದೂ ನಡೆಯುತ್ತಲೇ ಕಿವಿಗೆ ಬೀಳುವ ದನಿ. ತೆರೆ ತುಂಬುವ ದೃಶ್ಯ, ಆಯ್ಕೆಯ ಮಾತು, ರಾಜಮನೆತನದ ಪುರಾಣ ಎಲ್ಲವೂ ಪಾಳೆಯದಲ್ಲಿ. ಬರಹಗಾರರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಿಸಲೇಬೇಕು.

ಕ್ವೆಸ್ಟ್ ಕೊಡುವ ಎನ್‌ಪಿಸಿಯನ್ನೇ ಕೊಂದರೆ? ವಾರ್‌ಕ್ರಾಫ್ಟ್‌ನ ಬ್ಯಾರೆನ್ಸ್ ಪ್ರದೇಶದಲ್ಲಿ, ಹೋರ್ಡ್ ಪಾಳೆಯದ ಕ್ರಾಸ್‌ರೋಡ್ಸ್ ಊರಿನ ಮೇಲೆ ಎದುರು ಪಾಳೆಯವಾದ ಅಲಯನ್ಸ್ ದಾಳಿಯಾದಾಗಲೆಲ್ಲ, ಹೋರ್ಡ್‌ನ ಹೊಸ ಆಟಗಾರರು ಸತ್ತ ಎನ್‌ಪಿಸಿಗಳೆಲ್ಲ ಮತ್ತೆ ಎದ್ದುಬರುವುದನ್ನು ಕಾಯುತ್ತಾ ನಿಲ್ಲಬೇಕಾಗುತ್ತಿತ್ತು. ನಮ್ಮ ಎನ್‌ಪಿಸಿಗಳು ಸಾಯುವುದಿಲ್ಲ, ಗಾಯಗೊಂಡು ಗೋಡೆಗೊರಗುತ್ತಾರೆ. ಆಗ ವ್ಯಾಪಾರ, ರಿಪೇರಿ ಬಂದ್; ಕ್ವೆಸ್ಟ್ ಮಾತ್ರ ಸಿಗುತ್ತದೆ. ಮೂರು ನಿಮಿಷಕ್ಕೆ ಎದ್ದು ನಿಲ್ಲುತ್ತಾರೆ.

ಆಟಗಾರರು ಕೈಬಿಡುವುದು ಹೆಚ್ಚಾಗಿ ಸೋತದ್ದಕ್ಕಲ್ಲ, ಕೋಟೆಯಲ್ಲಿ ಕಂಪ್ಯೂಟರ್ ನಡೆಸುವ ಬೇತಾಳದೊಂದಿಗೆ ಕಾದಾಡುವಾಗ ಇನ್ನೊಬ್ಬ ಆಟಗಾರ ಬೆನ್ನಿಗೆ ಇರಿದದ್ದಕ್ಕೆ. ಅರ್ಧ ಹೆಲ್ತ್ ಬೇತಾಳವೇ ತಿಂದಿರುತ್ತದೆ, ಉಳಿದದ್ದನ್ನು ಬಂದವನು ಮುಗಿಸುತ್ತಾನೆ. ಇದಕ್ಕೆ ಮೂರು ಕಡೆ ಕೈ ಹಾಕಿದೆವು. ಸಮಬಲದ ಇಬ್ಬರಲ್ಲಿ ಒಬ್ಬ ಬೀಳಲು 10ರಿಂದ 12 ಸೆಕೆಂಡು ಬೇಕಾಗುವಂತೆ ಏಟಿನ ಬಲ ಇಳಿಸಿದೆವು. 3 ಸೆಕೆಂಡಿನಲ್ಲಿ ಮುಗಿದರೆ ಏನಾಯಿತೆಂದು ತಿಳಿಯುವ ಮೊದಲೇ ಹೆಣ. ಕೋಟೆಯೊಳಗೆ ಆಯುಧದ ಬಲಕ್ಕೆ ಮೇಲಿನ ಮಿತಿ ಇಟ್ಟೆವು. ಮೂರನೆಯದು ಹೆಚ್ಚು ಫಲ ಕೊಟ್ಟಿತು: ಬೇತಾಳದಿಂದ 15 ಮೀಟರ್ ಒಳಗೆ ಯಾರಾದರೂ ಇನ್ನೊಬ್ಬ ಆಟಗಾರನಿಗೆ ಹೊಡೆದರೆ, ಆ ಹೊಡೆತ ಬೇತಾಳ ಯಾರ ಮೇಲೆ ಎರಗಬೇಕೆಂದು ಹೇಳುವ ಸಿಟ್ಟಿನ ಪಟ್ಟಿಗೂ ಸೇರುತ್ತದೆ, ದುಪ್ಪಟ್ಟಾಗಿ. ಇರಿಯಲು ಬಂದವನ ಕಡೆಗೇ ಬೇತಾಳ ತಿರುಗುತ್ತದೆ. ಹೊಂಚು ಹಾಕಬಹುದು, ಆದರೆ ಬಿಟ್ಟಿಯಲ್ಲ.

ವಲಯದ ಗಡಿಯಲ್ಲಿ ಪಿವಿಪಿ ಫ್ಲ್ಯಾಗ್ (ಈ ಆಟಗಾರನಿಗೆ ಬೇರೆ ಆಟಗಾರರು ಹೊಡೆಯಬಹುದು ಎಂಬ ಗುರುತು) ಒಂದೇ ಗೆರೆಗೆ ಹತ್ತಿ ಅದೇ ಗೆರೆಗೆ ಇಳಿದರೆ, ಹೊಡೆದು ಹಿಂದಕ್ಕೆ ಹಾರುವ ಆಟ ಶುರು. ಅದಕ್ಕೇ ಒಳಗೆ ಬಂದ 10 ಸೆಕೆಂಡಿಗೆ ಫ್ಲ್ಯಾಗ್ ಹತ್ತುತ್ತದೆ, ಯಾರಿಗಾದರೂ ಹೊಡೆದರೆ ತಕ್ಷಣ. ಹೊರಗೆ 30 ಮೀಟರ್ ದಾಟಿ 60 ಸೆಕೆಂಡು ಕಳೆದ ಮೇಲೆ ಇಳಿಯುತ್ತದೆ.

‘ಹತ್ತು ಶತ್ರುಗಳನ್ನು ಕೊಲ್ಲು’ ಎಂಬ ಕ್ವೆಸ್ಟ್ ಮಾತ್ರ ಬೇಡವೇ ಬೇಡ. ಗೆಳೆಯರಿಬ್ಬರು ಮೂಲೆಯಲ್ಲಿ ನಿಂತು ಸರದಿಯಂತೆ ಸಾಯುತ್ತಾರೆ. ಕಾಳಗದ ಬಹುಮಾನಕ್ಕೂ ಕಡಿವಾಣ ಇದೆ: 30 ನಿಮಿಷದೊಳಗೆ ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಕೊಂದರೆ ಅಂಕ ಕ್ರಮವಾಗಿ ಪೂರ್ತಿ, ಅರ್ಧ, ಕಾಲು, ಆಮೇಲೆ ಸೊನ್ನೆ.

ಸರ್ವರ್ ಕಡೆ ಎರಡು ಸ್ಥಿತಿಗಳನ್ನು ಬೆರೆಸಬಾರದು: ಕೋಟೆ ಯಾರ ಕೈಲಿದೆ ಎಂಬುದು ಲೋಕದ ಸ್ಥಿತಿ, ಕಥೆ ಎಲ್ಲಿಗೆ ಬಂದಿದೆ ಎಂಬುದು ಆಯಾ ಆಟಗಾರನದು. ಕೋಟೆಯ ಒಡೆತನವನ್ನು ಕ್ವೆಸ್ಟ್‌ನ ಒಂದು ಹಂತ ಶುರುವಾಗುವಾಗ ಒಮ್ಮೆ ಓದಿ ದಾಖಲಿಸುತ್ತೇವೆ. ಕ್ಷಣಕ್ಷಣಕ್ಕೂ ಓದಿದರೆ ಅರ್ಧ ಮಾತಿನಲ್ಲಿ ಕೋಟೆ ಕೈಬದಲಾಗಿ ಹಂತ ಜಾಮ್ ಆಗುತ್ತದೆ. ತುಂಡು ಒಪ್ಪಿಸುವ ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಬೇಕು. ಭಾರಿ ಕಾಳಗದಲ್ಲಿ ನೆಟ್‌ವರ್ಕ್ ತಡವರಿಸಿ ಅದೇ ಮನವಿ ಎರಡು ಸಲ ಬರುವುದು ಸಾಮಾನ್ಯ. ಸಂಖ್ಯೆ ಆಗಲೇ ದಾಖಲಾಗಿದ್ದರೆ ಹಳೆಯ ಉತ್ತರವನ್ನೇ ಕಳಿಸಬೇಕು. ಇಲ್ಲವಾದರೆ ಒಂದು ತುಂಡು ಎರಡಾಗುತ್ತದೆ, ಆಟಗಾರರು ಅದನ್ನು ಸಂಜೆಯೊಳಗೆ ಪತ್ತೆ ಹಚ್ಚುತ್ತಾರೆ.