ನಾಯಿಮರಿಗೆ ಕೊರೊನಾ ಭೇದಿ: ನೀರು ಕುಡಿಸುವ ಕ್ರಮ

ಕೊರೊನಾ ಎಂಬ ಹೆಸರು ಕೇಳಿದೊಡನೆ 2020ರ ದಿನಗಳನ್ನು ನೆನೆದು ಮರಿಯನ್ನು ಮನೆಯಿಂದ ಹೊರಹಾಕಲು ಹೊರಡುವವರಿದ್ದಾರೆ. ನಾಯಿಗಳಿಗೆ ಭೇದಿ ತರುವ ಕೊರೊನಾ ವೈರಸ್ ಕೋವಿಡ್‌ನದ್ದಲ್ಲ. ಅದು 1971ರಲ್ಲೇ ಜರ್ಮನಿಯ ಸೇನಾ ನಾಯಿಗಳಲ್ಲಿ ಪತ್ತೆಯಾಗಿತ್ತು. ಸಣ್ಣ ಕರುಳಿನ ಒಳಪದರವನ್ನು ಅದು ಕೆಡಿಸುವುದರಿಂದ ಕುಡಿದ ನೀರು ಮೈಗೆ ಹತ್ತುವುದಿಲ್ಲ. ಬಲಿತ ನಾಯಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ, ಎಳೆಯ ಮರಿ ಮಾತ್ರ ಬೇಗನೆ ಕುಸಿಯುತ್ತದೆ.

ಮೊದಲು ಪಶುವೈದ್ಯರಲ್ಲಿ ಪಾರ್ವೊ (ಮರಿಗಳಿಗೆ ಮಾರಕ ಭೇದಿ ತರುವ ಇನ್ನೊಂದು ವೈರಸ್) ಪರೀಕ್ಷೆ ಮಾಡಿಸಿ. ಎರಡೂ ಒಟ್ಟಿಗೆ ಬಂದರೆ ಜೀವಕ್ಕೇ ಅಪಾಯ. ಮಲದಲ್ಲಿ ರಕ್ತವಿದ್ದರೆ ಅಥವಾ ವಾಂತಿ ನಿಲ್ಲದಿದ್ದರೆ ಮನೆಯ ಆರೈಕೆ ಸಾಲದು, ಡ್ರಿಪ್ ಬೇಕು.

ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದರೆ ಓಆರ್‌ಎಸ್ ಕುಡಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಮರಿಯನ್ನು ಅಂಗಾತ ಹಿಡಿದು, ಬಾಯಿ ತೆರೆಸಿ, ಸಿರಿಂಜನ್ನು ಒಂದೇ ಸಲಕ್ಕೆ ಒತ್ತಿಬಿಡುತ್ತಾರೆ, ನೀರು ಶ್ವಾಸಕೋಶಕ್ಕೆ ಇಳಿದು, ಭೇದಿಯಿಂದ ಉಳಿಯಬಹುದಾಗಿದ್ದ ಮರಿ ನ್ಯುಮೋನಿಯಾಕ್ಕೆ ತುತ್ತಾಗುತ್ತದೆ. ಮರಿ ತನ್ನ ಕಾಲ ಮೇಲೆ ನಿಂತಿರಲಿ ಅಥವಾ ಎದೆಯೂರಿ ಮಲಗಿರಲಿ. ತಲೆಯನ್ನು ಮೇಲಕ್ಕೆತ್ತದೆ, ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಕೆನ್ನೆ ಮತ್ತು ಹಲ್ಲಿನ ನಡುವಿನ ಸಂದಿಗೆ ತೂರಿಸಿ ಅರ್ಧ ಮಿಲಿಲೀಟರಿನಷ್ಟು ಬಿಡಿ. ಗಂಟಲು ಆಡಿ ನುಂಗಿದ್ದು ಕಂಡ ಮೇಲಷ್ಟೇ ಮತ್ತೆ ಒತ್ತಿ. ಪುಟ್ಟ ಮರಿಗೆ ಕಾಲು ಗಂಟೆಗೊಮ್ಮೆ ಒಂದೆರಡು ಚಮಚ ಸಾಕು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, 24 ಗಂಟೆಯ ನಂತರ ಉಳಿದುದನ್ನು ಚೆಲ್ಲಿ. ಸಕ್ಕರೆರಹಿತ ಎಂದು ಮಾರುವ ಬಣ್ಣದ ಪಾನೀಯಗಳನ್ನು ನಾನು ಹತ್ತಿರವೂ ಸೇರಿಸುವುದಿಲ್ಲ. ಅವುಗಳಲ್ಲಿ ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಎಂಬ ಸಿಹಿಪದಾರ್ಥ ಇದ್ದರೆ ನಾಯಿಗೆ ಅದು ವಿಷ.

ಎರಡು ಗಂಟೆಗೊಮ್ಮೆ ಮೇಲ್ದುಟಿ ಎತ್ತಿ ಒಸಡನ್ನು ಮುಟ್ಟಿ ನೋಡಿ. ಬೆರಳು ಜಾರಿದರೆ ಸರಿ, ಅಂಟಿಕೊಂಡರೆ ನೀರಿನಂಶ ಇಳಿದಿದೆ. ಒತ್ತಿ ಬಿಟ್ಟಾಗ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಕೆಂಪೇರದಿದ್ದರೆ ಸಿರಿಂಜ್ ಬಿಟ್ಟು ಆಸ್ಪತ್ರೆಗೆ ಹೊರಡಿ.

ವಾಂತಿ ನಿಂತಮೇಲೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಚರ್ಮ ತೆಗೆದ ಕೋಳಿ ಕಲಸಿ ಚೂರುಚೂರೇ ಕೊಡಿ. ಹಾಲು ಬೇಡವೇ ಬೇಡ. ಮನುಷ್ಯರ ಭೇದಿ ಮಾತ್ರೆಯನ್ನೂ ಕೊಡಕೂಡದು.

ಮಲವನ್ನು ಕೂಡಲೇ ಎತ್ತಿ, ನೆಲವನ್ನು ಸೋಪಿನಿಂದ ತೊಳೆದು, ಅನಂತರ ಬ್ಲೀಚ್ ನೀರು ಹಾಕಿ 10 ನಿಮಿಷ ಬಿಟ್ಟು ಒರೆಸಿ. ಗುಣವಾದ ಮೇಲೂ ಹಲವು ವಾರ ಮಲದಲ್ಲಿ ವೈರಸ್ ಹೊರಬೀಳುವುದುಂಟು, ಆದ್ದರಿಂದ ಬೇರೆ ಮರಿಗಳನ್ನು ದೂರವಿಡಿ. ನಾಯಿಗಳ ಕೊರೊನಾ ಲಸಿಕೆಯನ್ನು ಸಣ್ಣ ಪ್ರಾಣಿಗಳ ಪಶುವೈದ್ಯರ ವಿಶ್ವ ಒಕ್ಕೂಟವಾದ ಡಬ್ಲ್ಯುಎಸ್‌ಎವಿಎ ಶಿಫಾರಸು ಮಾಡುವುದಿಲ್ಲ. ಆ ಹಣವನ್ನು 16 ವಾರ ತುಂಬಿದ ಮೇಲಿನ ಪಾರ್ವೊ ಡೋಸಿಗೆ ಇಟ್ಟುಕೊಳ್ಳಿ.