ಫೌಲ್ ಆಯ್ತಾ, ಇಲ್ವಾ? ಪೂಲ್ ಪಂದ್ಯದ ತಕರಾರಿಗೆ ವಿಡಿಯೊ ತೀರ್ಪು

ಪೂಲ್ ಅಂದರೆ ಕೋಲಿನಿಂದ ಬಿಳಿ ಚೆಂಡು ಹೊಡೆದು, ಉಳಿದ ಚೆಂಡುಗಳನ್ನು ಟೇಬಲ್ಲಿನ ಗುಳಿಗಳಿಗೆ ಬೀಳಿಸುವ ಆಟ. ಮೈಸೂರು, ಮಂಡ್ಯದ ಪೂಲ್ ಪಾರ್ಲರ್‌ಗಳಲ್ಲಿ ಸಣ್ಣ ಟೂರ್ನಿ ನಡೆಸುವವರಿಗೆ ಪ್ರತಿ ಟೇಬಲ್ಲಿಗೂ ರೆಫರಿ ಇಡುವುದು ಆಗದ ಮಾತು. ಆಡುವ ಇಬ್ಬರೇ ಫೌಲ್ ಹೇಳಬೇಕು. ತಕರಾರು ಹುಟ್ಟುವುದೂ ಅಲ್ಲೇ. ಫೋನ್ ಕ್ಯಾಮೆರಾ ಇದನ್ನು ಬಗೆಹರಿಸುತ್ತದೆ, ಆದರೆ ಹೊಡೆತಕ್ಕೆ ಮೊದಲೇ ಅದು ಸರಿಯಾದ ಜಾಗದಲ್ಲಿರಬೇಕು.

ಪಂದ್ಯಕ್ಕೆ ಮುಂಚೆ: ತೀರ್ಪು ಕೊಡುವ ಮೂರನೆಯವರು ಯಾರು, ವಿಡಿಯೊ ನೋಡಿ ಎಂದು ಕೇಳಲು ಒಬ್ಬೊಬ್ಬರಿಗೆ ಎಷ್ಟು ಮನವಿ, ನೋಡಲು ಎಷ್ಟು ಹೊತ್ತು ಎಂಬುದನ್ನು ಸ್ಕೋರ್ ಶೀಟ್ ಮೇಲೆಯೇ ಬರೆದುಕೊಳ್ಳಿ. ಎರಡು ಮನವಿ, ಎರಡು ನಿಮಿಷ ಸಾಕು. ಮುಂದಿನ ಹೊಡೆತ ಬೀಳುವ ಮುನ್ನ ಆಕ್ಷೇಪ ಹೇಳದಿದ್ದರೆ ಆ ಫೌಲ್ ಲೆಕ್ಕಕ್ಕಿಲ್ಲ. ಇದು ಆಟದ ನಿಯಮ. ಆಮೇಲೆ ವಿಡಿಯೊದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಪ್ರಯೋಜನವಿಲ್ಲ.

ಕ್ಯಾಮೆರಾ: ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಡಿ. ಸೆಕೆಂಡಿಗೆ 3 ಮೀಟರ್ ಓಡುವ ಬಿಳಿ ಚೆಂಡು 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 10 ಸೆಂ.ಮೀ. ಸರಿದಿರುತ್ತದೆ, ಚೆಂಡಿನ ಅಗಲವೇ 5.7 ಸೆಂ.ಮೀ. 240ರಲ್ಲಿ ಅದು ಒಂದೂಕಾಲು ಸೆಂ.ಮೀ.ಗೆ ಇಳಿಯುತ್ತದೆ. ಹಳೆ ಚೋಕಿನ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಕೆಲವು ಫ್ರೇಮ್ ಕಪ್ಪಾಗುತ್ತವೆ. ಟೇಬಲ್ ಮೇಲೆ ಒಳ್ಳೆಯ ಎಲ್‌ಇಡಿ ಇರಲಿ, ಮೊದಲೇ ಒಂದು ಕ್ಲಿಪ್ ತೆಗೆದು ನೋಡಿ. ಕಷ್ಟದ ಹೊಡೆತ ಬಂದಾಗ ಮಾತ್ರ ರೆಕಾರ್ಡ್ ಒತ್ತಿ. ಇಲ್ಲದಿದ್ದರೆ ಮೆಮೊರಿ ಬೇಗ ತುಂಬುತ್ತದೆ.

ಹೆಚ್ಚು ಗಲಾಟೆಯಾಗುವುದು ಡಬಲ್ ಹಿಟ್‌ಗೆ, ಅಂದರೆ ಕ್ಯೂ (ಹೊಡೆಯುವ ಕೋಲು) ತುದಿ ಬಿಳಿ ಚೆಂಡಿಗೆ ಎರಡು ಸಲ ತಾಗುವುದಕ್ಕೆ. ಫೋನನ್ನು ಚೆಂಡಿನ ಎತ್ತರಕ್ಕೇ ಇಳಿಸಿ, ಕ್ಯೂಗೆ ಅಡ್ಡಲಾಗಿ ಪಕ್ಕದಿಂದ ಹಿಡಿಯಿರಿ. ಆದರೂ ಎರಡನೆಯ ತಾಗುವಿಕೆ ಕಣ್ಣಿಗೆ ಬೀಳುತ್ತದೆಂದು ಕಾಯಬೇಡಿ. ತುದಿ ಚೆಂಡಿಗೆ ತಾಗಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು. ಎರಡು ಫ್ರೇಮ್‌ಗಳ ಅಂತರವೇ ಅದರ ನಾಲ್ಕರಷ್ಟು. ನೋಡಬೇಕಾದ್ದು ಬಿಳಿ ಚೆಂಡಿನ ನಡೆಯನ್ನು. ಬಿಳಿ ಚೆಂಡಿಗೂ ಗುರಿಯ ಚೆಂಡಿಗೂ ನಡುವೆ ಚಾಕ್ ತುಂಡಿಗಿಂತ (ಕ್ಯೂ ತುದಿಗೆ ಉಜ್ಜುವ ಚೌಕ ತುಂಡು) ಕಡಿಮೆ ಜಾಗವಿದ್ದು, ನೇರ ಹೊಡೆತದಲ್ಲಿ ಬಿಳಿ ಚೆಂಡು ಅರ್ಧ ಚೆಂಡಿಗಿಂತ ಹೆಚ್ಚು ಮುಂದೆ ನುಗ್ಗಿದ್ದರೆ, ಸರಿಯಾದ ಹೊಡೆತವೆಂದು ಖಚಿತವಾಗಿ ಕಾಣದ ಹೊರತು ಫೌಲ್ ಕೊಡಿ. ಎರಡೂ ಚೆಂಡು ಮೊದಲೇ ಅಂಟಿಕೊಂಡಿದ್ದರೆ ಲೆಕ್ಕ ಬೇರೆ, ಅಂಟಿದ ಗುರಿ ಚೆಂಡಿನತ್ತಲೇ ಹೊಡೆಯಬಹುದು. ಅಂಟಿದೆಯೋ ಇಲ್ಲವೋ ಎಂಬುದನ್ನು ಹೊಡೆತಕ್ಕೆ ಮುನ್ನ ಇಬ್ಬರೂ ಬಗ್ಗಿ ನೋಡಿ ಬಾಯಿಬಿಟ್ಟು ಹೇಳಲೇಬೇಕು.

ಬಿಳಿ ಚೆಂಡು ಯಾವ ಚೆಂಡಿಗೆ ಮೊದಲು ತಗುಲಿತು ಎಂಬ ಪ್ರಶ್ನೆಗೆ ಮೇಲಿನಿಂದ ಹಿಡಿಯಿರಿ. ಮೊದಲು ಅಲುಗಿದ ಚೆಂಡೇ ಉತ್ತರ. ಎರಡೂ ಒಂದೇ ಫ್ರೇಮಿನಲ್ಲಿ ಅಲುಗಿದರೆ ಹೊಡೆದವರ ಪರವಾಗಿ ಬಿಡಬೇಕು.

ಚೆಂಡು ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಮುಟ್ಟಿತೇ ಎಂಬುದಕ್ಕೆ ಮಾತ್ರ ಮೇಲಿನ ಕ್ಯಾಮೆರಾ ನಂಬಬೇಡಿ. ಕುಶನ್ ಮೂಗು, ಅಂದರೆ ಚೆಂಡಿಗೆ ತಾಗುವ ಅದರ ಅಂಚು, ಚೆಂಡಿನ ನಡುಮಟ್ಟಕ್ಕಿಂತ ಮೇಲಿರುವುದರಿಂದ, ಚೆಂಡಿನ ಹೊಟ್ಟೆ ಅದರ ಕೆಳಗೆ ಸುಮಾರು 1 ಮಿ.ಮೀ. ತೂರುತ್ತದೆ. ಹಾಗಾಗಿ ಮುಟ್ಟುವ ಮೊದಲೇ ಮುಟ್ಟಿದಂತೆ ಕಾಣುತ್ತದೆ. ಕುಶನ್ ಉದ್ದಕ್ಕೂ ಸಾಲು ಹಿಡಿದು, ಟೇಬಲ್ ಮಟ್ಟದಲ್ಲಿ ಫೋನ್ ಇಡಿ.

ನೋಡುವಾಗ ಚಿತ್ರೀಕರಿಸಿದ ಫೋನಿನಲ್ಲೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿ, ಬೇಕಾದ ವಿವರವೇ ಮಸುಕಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಇದ್ದರೆ ಕೇಬಲ್ ಹಾಕಿ ಮೂಲ ಫೈಲ್ ತೆಗೆದುಕೊಂಡು, ‘ಇ’ (E) ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ದಾಟಿಸಿ. ತೀರ್ಪುಗಾರರು ಒಬ್ಬರೇ ನೋಡಲಿ, ಆಟಗಾರರು ಹೆಗಲ ಮೇಲಿಂದ ಇಣುಕಬಾರದು. ಎರಡು ನಿಮಿಷದೊಳಗೆ ಸ್ಪಷ್ಟವಾಗದಿದ್ದರೆ ಟೇಬಲ್ ಬಳಿ ಮೊದಲು ಹೇಳಿದ್ದೇ ನಿಲ್ಲುತ್ತದೆ. ಇಬ್ಬರೂ ಸ್ಕೋರ್ ಶೀಟ್‌ಗೆ ಸಹಿ ಹಾಕುವವರೆಗೆ ಕ್ಲಿಪ್ ಅಳಿಸಬೇಡಿ.